ಡಬ್ಬಿ ತುಂಬ ಪ್ರಸಾದ

ಗೆಳೆಯರೇ, ಸಕ್ಕರೆ ಕಾಯಿಲೆಗೆ ಮದ್ದು ಇಂದು ಮಧ್ಯಾಹ್ನ ರಾಜಾಜಿನಗರದ ನಮ್ಮ ಮನೆಯಲ್ಲಿ ಸಿಕ್ಕಿತು.

ಅಪ್ಪನ ಕಾಲಿನ ಹುಣ್ಣು ಎರಡು ತಿಂಗಳಾದರೂ ವಾಸಿಯಾಗಿಲ್ಲ. ಅನ್ನ, ಬೆಲ್ಲ, ಸಕ್ಕರೆ ಬಿಡದಿದ್ದರೆ ಕಾಲೇ ಹೋದೀತು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ದೀಪಾವಳಿಗೆ ಅಮ್ಮ ಬಾದಾಮಿ ಅರೆದು, ಕಾಯಿಹಾಲು ಹಾಕಿ, ಸಕ್ಕರೆಯ ಬದಲು ಸ್ಯಾಕರಿನ್ ಮಾತ್ರೆ ಕರಗಿಸಿ ಪಾಯಸ ಮಾಡಿದಳು. ಅದನ್ನು ದೇವರ ಮುಂದಿಡಲು ಹೋದಾಗ ಅಜ್ಜಿ ತಡೆದಳು.

"ಔಷಧಿ ಅಂಗಡಿ ಮಾತ್ರೇನ ನೈವೇದ್ಯಕ್ಕಿಡ್ತೀಯಾ? ದೇವ್ರಿಗೂ ಸಕ್ಕರೆ ಕಾಯಿಲೆ ಅಂತ ಡಾಕ್ಟರು ಬರ್ಕೊಟ್ಟಿದಾರೇನೇ?"

"ಹಾಗಾದ್ರೆ ದೇವ್ರಿಗೆ ಅಂತ ಒಂದೇ ಒಂದು ಒಬ್ಬಟ್ಟು ಮಾಡಿ ಅತ್ತೆ," ಎಂದಳು ಅಮ್ಮ.

"ಒಂದು ಒಬ್ಬಟ್ಟಿಗೆ ಯಾರಾದ್ರೂ ಹೂರಣ ರುಬ್ತಾರಾ?"

ಅಜ್ಜಿ ಇಪ್ಪತ್ತು ತಟ್ಟಿದಳು. ಒಂದನ್ನು ಎಲೆಯ ಮೇಲಿಡುವ ಬದಲು ಇಡೀ ಡಬ್ಬಿಯನ್ನೇ ದೇವರ ಮುಂದಿಟ್ಟು ಮಂಗಳಾರತಿ ಎತ್ತಿದಳು. ಅಲ್ಲಿಗೆ ಇಪ್ಪತ್ತೂ ಪ್ರಸಾದವಾದವು.

ಊಟಕ್ಕೆ ಕುಳಿತ ಅಪ್ಪ ಅಮ್ಮನ ಪಾಯಸವನ್ನು ಒಂದು ಚಮಚ ಕುಡಿದು, "ಕಹಿ," ಎಂದು ಬದಿಗೆ ಸರಿಸಿದರು. ಕೈ ಡಬ್ಬಿಗೆ ಹೋಯಿತು.

"ರೀ, ಪ್ರಸಾದ ಅಂದ್ರೆ ಒಂದು ಚೂರು!"

"ಪ್ರಸಾದ ಬೇಡ ಅನ್ಬಾರ್ದು ಕಣೇ," ಎನ್ನುತ್ತಲೇ ಅಪ್ಪ ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಂಡರು. ಬಡಿಸುತ್ತಿದ್ದವಳು ಅಜ್ಜಿ.

ಅಮ್ಮ ಹುಣ್ಣಿಗೆ ಕಟ್ಟುವ ಬಟ್ಟೆಯನ್ನು ಕುದಿಸಲು ಒಲೆಯ ಮೇಲೆ ನೀರಿಟ್ಟಳು.

ಸೋಮವಾರ ಮೂತ್ರ ಪರೀಕ್ಷೆ ಇದೆ. ಸಕ್ಕರೆ ಕಂಡರೆ ಅದು ಪ್ರಸಾದದ್ದು, ಕಾಯಿಲೆಯದ್ದಲ್ಲ ಎಂದು ಡಾಕ್ಟರಿಗೆ ತಿಳಿಸಲು ಅಜ್ಜಿಯನ್ನೇ ಜೊತೆಗೆ ಕಳಿಸುತ್ತಿದ್ದೇವೆ.