ಬಾನೆಟ್ಟಿನ ಮೇಲೆ ಅಣ್ಣಮ್ಮನ ಅಂಗೈ

ಎತ್ತರ ಐದಡಿಗೆ ಒಂದಂಗುಲ ಕಮ್ಮಿ. ವಯಸ್ಸು ನಲವತ್ತೇಳು, ಕೇಳಿದರೆ ನಲವತ್ತೈದು. ತೂಕ ಐವತ್ತೆಂಟು ಕೆಜಿ ಇರಬಹುದು, ಅದರಲ್ಲಿ ಹತ್ತು ಕೆಜಿ ಬರೀ ಕೋಪ. ಕಾಲಲ್ಲಿ ನೂರೈವತ್ತರ ಚಪ್ಪಲಿ, ಬಂಗಾರ ಇದ್ದ ಕೈಯಲ್ಲಿ ಈಗ ಗಾಜಿನ ಬಳೆ. ಬಾಯಿಗೆ ಬೆಲೆ ಕಟ್ಟುವವನು ವಿಜಯನಗರ ಮಾರ್ಕೆಟ್ಟಿನಲ್ಲಿ ಇನ್ನೂ ಅಂಗಡಿ ತೆರೆದಿಲ್ಲ. ಅಲ್ಲಿ ಹಗ್ಗ, ಟಾರ್ಪಾಲಿನ್ ಮಾರುವ ನನಗೆ ಅಣ್ಣಮ್ಮ ಹನ್ನೊಂದು ವರ್ಷದ ಗಿರಾಕಿ. ಮೀಟರಿನಲ್ಲಿ ಅಳೆದುಕೊಟ್ಟ ಹಗ್ಗವನ್ನು ನನ್ನೆದುರೇ ಮತ್ತೆ ಮೊಳ ಹಾಕಿ ನೋಡುವ ಗಿರಾಕಿ.

ಹೊಸಹಳ್ಳಿಯಲ್ಲಿ ಅವರದು ಶಾಮಿಯಾನ, ಪಾತ್ರೆ ಬಾಡಿಗೆ. ಮುನ್ನೂರು ಕುರ್ಚಿ, ಹದಿನಾಲ್ಕು ಕೊಪ್ಪರಿಗೆ, ಲೆಕ್ಕವಿಲ್ಲದಷ್ಟು ಸೌಟು. ಇಲ್ಲದ್ದು ಒಂದೇ, ಸ್ವಂತ ಗಾಡಿ. ಕಳೆದ ಫೆಬ್ರವರಿಯಲ್ಲಿ ಒಂದು ಗೃಹಪ್ರವೇಶಕ್ಕೆ ಪಾತ್ರೆ ಹೊತ್ತ ಬಾಡಿಗೆ ಟೆಂಪೋದವನು, ಹೆಚ್ಚು ದುಡ್ಡಿನ ಇನ್ನೊಂದು ಕರೆ ಬಂತೆಂದು, ಕೊಪ್ಪರಿಗೆಗಳನ್ನು ದಾರಿಯಲ್ಲಿ ಫುಟ್‌ಪಾತಿಗೆ ಇಳಿಸಿ ಹೋಗಿಬಿಟ್ಟ. ನೂರೆಂಬತ್ತು ಜನ ಹೋಟೆಲಿನ ಉಪ್ಪಿಟ್ಟು ತಿಂದರು. ಬೈಸಿಕೊಂಡದ್ದು ಅಣ್ಣಮ್ಮ.

ಅವರಿಗೆ ಅರ್ಧಕ್ಕರ್ಧ ಆರ್ಡರ್ ಕೊಡಿಸುವುದು ಅಡುಗೆ ಕಂಟ್ರಾಕ್ಟರ್ ಸೇತುರಾಮ. ಆತ ಖಡಾಖಂಡಿತವಾಗಿ ಹೇಳಿದ: "ಮೇ ತಿಂಗಳಲ್ಲಿ ಆರು ಮದ್ವೆ ಇದೆ. ಸ್ವಂತ ಗಾಡಿ ತಂದ್ರೆ ನಿಮ್ಗೆ, ಇಲ್ದಿದ್ರೆ ಬೇರೆಯವ್ರಿಗೆ. ಬೇಜಾರ್ ಮಾಡ್ಕೋಬೇಡಿ."

ಅಣ್ಣಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಬಳೆ ಮಾರಿದರು. ಡ್ರೈವಿಂಗ್ ಲೈಸೆನ್ಸ್ ಮೊದಲೇ ಇತ್ತು. ನನ್ನ ಅಂಗಡಿಗೆ ಬಂದು, "ಒಂದು ಹಳೇ ಡೀಸೆಲ್ ಪಿಕಪ್ ಬೇಕು. ನಿಮ್ಗೆ ಗೊತ್ತಿರೋರು ಯಾರಾದ್ರೂ ಇದಾರಾ?" ಎಂದರು.

ನನಗೆ ಗೊತ್ತಿದ್ದವನು ಶ್ರೀಶ. ಕೆಂಗೇರಿಯಾಚೆ ಮೈಸೂರು ರಸ್ತೆಯ ಪಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡ್ ಇಟ್ಟವನು. ಮಾರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಬರುತ್ತೇವೆಂದು ನಾನೇ ಫೋನ್ ಮಾಡಿದೆ.

ಅಲ್ಲಿ ಅರ್ಧ ಗಂಟೆ ಶ್ರೀಶ ಅಣ್ಣಮ್ಮನ ಮುಖವನ್ನೇ ನೋಡಲಿಲ್ಲ. ದುಡ್ಡು ಅವರದು, ಗಾಡಿ ಓಡಿಸುವವರು ಅವರು, ಮಾತೆಲ್ಲ ನನ್ನ ಜೊತೆ. "ಅಣ್ಣ, ಒಂದೇ ಓನರ್. ಅಣ್ಣ, ಹೊಸ ಟೈರು. ಬೆಳಗ್ಗೆಯಿಂದ ಯಾರೂ ಮುಟ್ಟಿಲ್ಲ, ಆದ್ರೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗತ್ತೆ." ಕೊನೆಗೊಮ್ಮೆ ತಿರುಗಿ, "ಆಂಟೀಗೆ ಕಲರ್ ಇಷ್ಟ ಆಯ್ತಾ?" ಎಂದು ಕೇಳಿದ.

"ಕಲರ್ ನೋಡೋಕೆ ಸೀರೆ ಅಂಗ್ಡಿಗೆ ಹೋಗ್ತೀನಪ್ಪ," ಎಂದು ಅಣ್ಣಮ್ಮ ಬಾನೆಟ್ಟಿನ ಮೇಲೆ ಅಂಗೈ ಊರಿದರು. ಊರಿ ಹಾಗೇ ನಿಂತರು. "ಮುಟ್ಟಿಲ್ಲ ಅಂದ್ಯಲ್ಲ, ಬಿಸಿ ಯಾಕಿದೆ?"

ಗಾಡಿ ನಿಂತಿದ್ದದ್ದು ತಗಡಿನ ಶೀಟಿನ ನೆರಳಲ್ಲಿ, ಆಕಾಶದಲ್ಲಿ ಮೋಡ. ಸುಸ್ತಾದ ಡೀಸೆಲ್ ಎಂಜಿನ್ ಮುಂಜಾನೆ ತಣ್ಣಗಿದ್ದಾಗ ಕೆಮ್ಮುತ್ತದೆ, ಹೊಗೆ ಕಾರುತ್ತದೆ. ಅದಕ್ಕೇ ಗಿರಾಕಿ ಬರುವ ಮೊದಲೇ ಓಡಿಸಿ ಬಿಸಿ ಮಾಡಿಡುತ್ತಾರೆ. ಇದು ನನಗೆ ಗೊತ್ತಿತ್ತು. ಆದರೂ ಹಲ್ಲು ಕಿರಿದು, "ಸೆಖೆಗೆ ಇರ್ಬೋದು ಬಿಡಿ," ಎಂದೆ.

ಅಣ್ಣಮ್ಮ ನನ್ನನ್ನು ನೋಡಿದ ನೋಟದಲ್ಲಿ ಹನ್ನೊಂದು ವರ್ಷದ ಹಗ್ಗವೆಲ್ಲ ಮೊಳಕ್ಕೊಂದರಂತೆ ತುಂಡಾಯಿತು.

"ಸ್ಟಾರ್ಟ್ ಮಾಡು," ಎಂದು ಶ್ರೀಶನಿಗೆ ಹೇಳಿ, ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಹಾಕುವ ತೂತಿನ ಮುಚ್ಚಳವನ್ನು ಬಿಚ್ಚಿ, ಆ ತೂತಿನ ಮೇಲೆಯೇ ಬೋರಲು ಇಟ್ಟರು. ಬಾಡಿಗೆ ಗಾಡಿಗಳಲ್ಲಿ ಮುಂದೆ ಕೂತು, ಡ್ರೈವರುಗಳು ಮೆಕ್ಯಾನಿಕ್ಕುಗಳನ್ನು ಬೈಯುವುದನ್ನು ಕೇಳಿ ಕೇಳಿ ಕಲಿತ ವಿದ್ಯೆ. ಎಂಜಿನ್ ಗಟ್ಟಿಯಿದ್ದರೆ ಮುಚ್ಚಳ ಸುಮ್ಮನೆ ನಡುಗುತ್ತದೆ. ಒಳಗೆ ಸವೆದಿದ್ದರೆ ಹೊಗೆ ಅದನ್ನು ಎತ್ತಿ ಒಗೆಯುತ್ತದೆ. ಈ ಮುಚ್ಚಳ ಎರಡು ಸಲ ಕುಣಿದು ಮೂರನೆಯದಕ್ಕೆ ನೆಲಕ್ಕೆ ಹಾರಿತು.

"ಡೀಸೆಲ್ ಅಲ್ವಾ ಆಂಟಿ, ಸ್ವಲ್ಪ ಉಸಿರಾಡತ್ತೆ," ಎಂದ ಶ್ರೀಶ.

"ಉಸಿರಾಡ್ತಿಲ್ಲ ಕಣೋ, ಕೊನೇ ಉಸಿರು ಎಳೀತಿದೆ. ಹೆಣಕ್ಕೆ ಪೌಡರ್ ಹಾಕಿ ಮದ್ವೆಗೆ ಕೂರಿಸ್ತೀಯಾ? ಮೂರೂವರೆ ಲಕ್ಷ! ಮುಹೂರ್ತದ ದಿನ ರೋಡಲ್ಲಿ ನಿಂತ್ರೆ ಕೊಪ್ಪರಿಗೆ ನೀನು ಹೊರ್ತೀಯಾ?" ಪಕ್ಕದಲ್ಲಿ ಗಾಡಿ ನೋಡುತ್ತಿದ್ದ ನಾಲ್ಕು ಜನ ತಮ್ಮ ತಮ್ಮ ಬಾನೆಟ್ಟುಗಳನ್ನು ಮುಟ್ಟತೊಡಗಿದರು. ಶ್ರೀಶನ ಮುಖ ಕಪ್ಪಿಟ್ಟಿತು. ಆಮೇಲೆ ಅಣ್ಣಮ್ಮ ನನ್ನ ಕಡೆ ತಿರುಗಿದರು. "ಇವ್ನು ವ್ಯಾಪಾರಿ, ಸುಳ್ಳು ಹೇಳ್ತಾನೆ. ನೀವ್ಯಾಕ್ ಹೇಳಿದ್ರಿ? ನಿಮ್ಗೆಷ್ಟು ಕೊಡ್ತಾನೆ?"

"ಒಂದು ಪೈಸಾನೂ ಇಲ್ಲ! ಅಂಗ್ಡಿ ಮುಚ್ಚಿ ನಿಮಗೋಸ್ಕರ ಬಂದ್ನಲ್ಲ, ನನ್ಗೆ ಬುದ್ಧಿ ಇಲ್ಲ," ಎಂದು ನಾನೂ ಕೂಗಿದೆ. ಸಿಕ್ಕಿಬಿದ್ದವನಿಗೆ ಬರುವಷ್ಟು ಸಿಟ್ಟು ಪ್ರಾಮಾಣಿಕನಿಗೆ ಎಂದೂ ಬರುವುದಿಲ್ಲ. ಅಣ್ಣಮ್ಮ ಯಾರ್ಡಿನಿಂದ ನಡೆದುಹೋಗಿ, ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರು.

ಮುಂದಿನ ಹತ್ತು ದಿನ ಒಬ್ಬರೇ ಸುತ್ತಿದರು. ಬಸವೇಶ್ವರನಗರದಲ್ಲಿ ನೀರಿನ ಕ್ಯಾನ್ ಹಂಚುವ ವ್ಯಾಪಾರ ನಿಲ್ಲಿಸುತ್ತಿದ್ದ ಹೇಮಶ್ರೀ ಎಂಬವರ ಪಿಕಪ್ ಇದೆಯೆಂದು ತಿಳಿದು, ಹೇಳದೆ ಕೇಳದೆ ಬೆಳಗ್ಗೆ ಆರಕ್ಕೆ ಅವರ ಮನೆ ಮುಂದೆ ನಿಂತರಂತೆ. ಬಾನೆಟ್ ತಣ್ಣಗಿತ್ತು. ಮುಚ್ಚಳ ಕುಣಿಯಲಿಲ್ಲ. ಬಾಗಿಲು ಸೊಟ್ಟ, ಬಣ್ಣ ಹೇಳುವ ಹಾಗಿಲ್ಲ. ಕೊಂಡರು. ಮೇ ತಿಂಗಳ ಆರು ಮದುವೆಗೂ ಪಾತ್ರೆ ಹೊತ್ತಿಗೆ ಮೊದಲೇ ಇಳಿಯಿತೆಂದು ಹೇಳಿದವನು ಸೇತುರಾಮ. ಅಣ್ಣಮ್ಮ ನನಗೆ ಹೇಳಲಿಲ್ಲ. ಗಾಡಿಯನ್ನು ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿ, ಎದುರು ಅಂಗಡಿಯಲ್ಲಿ ಹಗ್ಗ ಕೊಂಡು ಹೋಗುತ್ತಾರೆ.

ಗಿರಾಕಿ ಕರೆತಂದವನಿಗೆ ಮಾರುವವನು ಸದ್ದಿಲ್ಲದೆ ಕೈ ಬೆಚ್ಚಗೆ ಮಾಡುವುದು ಈ ಧಂದೆಯ ರೂಢಿ. ಗಾಡಿ ಮಾರಿದ್ದರೆ ಶ್ರೀಶ ನನಗೆ ಎಂಟು ಸಾವಿರ ಕೊಡುವವನಿದ್ದ. ಅಣ್ಣಮ್ಮ ನೇರವಾಗಿ ಕೇಳಿದಾಗ ನಾನು ಇಲ್ಲ ಎಂದೆ. ಅವರಲ್ಲಿ ನಾನು ಕೇಳಬೇಕಾದ ಒಂದು ಕ್ಷಮೆ ಇನ್ನೂ ಬಾಕಿ ಇದೆ.