ಫಸಲಿರುವಾಗ ಕೊಂಡ ತೋಟ

ನನ್ನ ಹೆಂಡತಿಗೆ ತವರಿನಿಂದ ಬಂದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೇನೆಂದು ಸುಳ್ಳು ಹೇಳಿ, ಲಾಭದ ಪಾಲನ್ನು ಡಿವಿಡೆಂಡ್ ಎಂದು ಕೊಡುವ ಷೇರು ಫಂಡಿಗೆ ಹಾಕಿದವನು ನಾನು. ವಯಸ್ಸಾಯಿತು, ಬರೆದಿಟ್ಟರೆ ಎದೆ ಹಗುರಾಗುತ್ತದೆ.

ನಮ್ಮ ಕಡೆ ಗಂಡುಮಕ್ಕಳು ಆಸ್ತಿ ಹಂಚಿಕೊಳ್ಳುವಾಗ ಹೆಣ್ಣುಮಕ್ಕಳ ಸಹಿ ಹಾಕಿಸಿಕೊಂಡು, ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಸೀರೆ ಉಡಿಸಿ ಕಳಿಸುವುದು ವಾಡಿಕೆ. ಇವಳು ಬೇರಿಕೆ ಕಡೆಯ ಕನ್ನಡ ಶಾಲೆಯಲ್ಲಿ ಟೀಚರ್. ಸೂಳಗಿರಿಯ ಆಚೆ ತವರಿನ ಮಾವಿನ ತೋಟದಲ್ಲಿ ಎಲ್ಲರೂ ಕೂತಿದ್ದಾಗ, "ಸೀರೆ ನನ್ ಸಂಬಳದಾಗೆ ತಗೋತೀನಿ ಅಣ್ಣಾ. ನನ್ ಭಾಗದ ಬೆಲೆ ಕೊಡು, ಸೈನ್ ಹಾಕ್ತೀನಿ" ಅಂದಳು. ಅಣ್ಣ ಮೂರು ತಿಂಗಳು ಮಾತು ಬಿಟ್ಟ. ಆಮೇಲೆ ಕೊಟ್ಟ.

ಆ ಹಣದಿಂದ ಎಂದಾದರೂ ಒಂದೆಕರೆ ಮಾವಿನ ತೋಟ ತನ್ನ ಹೆಸರಿಗೆ ಕೊಳ್ಳಬೇಕೆಂಬುದು ಅವಳ ಆಸೆ. ಬೇರೇನನ್ನೂ ಅವಳು ಕೇಳಿದವಳಲ್ಲ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಓದಿದ್ದು ಹೈಸ್ಕೂಲಿನವರೆಗೆ. ಜೊತೆಯವನೊಬ್ಬ ಬಿಡುವಿನಲ್ಲಿ ಮ್ಯೂಚುವಲ್ ಫಂಡಿನ ಏಜೆಂಟ್ ಕೆಲಸ ಮಾಡುತ್ತಿದ್ದ. "ಬ್ಯಾಂಕ್ ಬಡ್ಡಿಗೆ ಟ್ಯಾಕ್ಸ್ ಐತೆ ಕಣ್ಲಾ, ಇದ್ಕಿಲ್ಲ. ಮುಂದಿನ್ ವಾರ ಡಿವಿಡೆಂಡ್ ಕೊಡ್ತಾರೆ. ಇವತ್ತೇ ಹಾಕ್ಬುಟ್ರೆ ಕೈಗೆ ಕಾಸು" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆಗ ಷೇರು ಫಂಡಿನ ಡಿವಿಡೆಂಡ್ ಪಡೆದವರು ಅದಕ್ಕೆ ತೆರಿಗೆ ಕಟ್ಟಬೇಕಿರಲಿಲ್ಲ. ಬ್ಯಾಂಕಿನ ಕಾಗದವೆಂದು ಹೇಳಿ ಅರ್ಜಿ ಮುಂದಿಟ್ಟೆ. ನನ್ನ ಮೇಲಿನ ನಂಬಿಕೆಯಿಂದ ಓದದೆ ಸಹಿ ಹಾಕಿದಳು.

ಹೇಳಿದ ಹಾಗೇ ಡಿವಿಡೆಂಡ್ ಬಂತು. ಅದನ್ನು ಕೊಟ್ಟ ಕೂಡಲೇ ಫಂಡಿನಲ್ಲಿ ನಮಗಿದ್ದ ಪಾಲಿನ, ಅಂದರೆ ಯೂನಿಟ್ಟಿನ, ಬೆಲೆ ಅಷ್ಟೇ ಇಳಿದದ್ದನ್ನು ನಾನು ನೋಡಲಿಲ್ಲ. ಕೊಟ್ಟಾಯಿತಲ್ಲ, ಇನ್ನು ಇಲ್ಲೇನಿದೆ ಎಂದು ಅದನ್ನು ಮಾರಿ, ಡಿವಿಡೆಂಡ್ ಕೊಡಲಿರುವ ಇನ್ನೊಂದು ಫಂಡಿಗೆ ಹಾರಿದೆ. ಅಲ್ಲಿಂದ ಮೂರನೆಯದಕ್ಕೆ. ಪ್ರತಿ ಸಲ ಒಳಗೆ ಹೋಗುವಾಗಲೂ ಫಂಡಿನವರು ನೂರಕ್ಕೆ ಎರಡು ರೂಪಾಯಿಗೂ ಮೇಲೆ ಹಿಡಿದುಕೊಳ್ಳುತ್ತಿದ್ದರು. ಬಂದದ್ದನ್ನು "ತಗೋ, ಬಡ್ಡಿ" ಎಂದು ಅವಳ ಕೈಗಿಡುತ್ತಿದ್ದೆ.

"ಇದ್ಯಾವ್ ಬ್ಯಾಂಕಪ್ಪಾ, ಇಷ್ಟ್ ಧಾರಾಳ?" ಎಂದು ನಗುತ್ತಿದ್ದಳು. ಆ ದುಡ್ಡಿನಲ್ಲಿ ಮನೆಗೆ ಫ್ರಿಜ್ ಬಂತು, ನನಗೊಂದು ಹಳೆಯ ಸ್ಕೂಟರ್ ಬಂತು. ಟೀ ಅಂಗಡಿಯಲ್ಲಿ ನಾನು ನಾಲ್ಕು ಜನಕ್ಕೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ.

ಮೂರನೆಯ ಫಂಡ್ ಸ್ವಲ್ಪ ಏರಿತು. ಮಾರಿದೆ. ವರ್ಷದೊಳಗಿನ ಲಾಭವಾದ್ದರಿಂದ ತೆರಿಗೆ ಬೀಳುತ್ತಿತ್ತು. ಪೇಟೆಯ ಏರಿಳಿತದಿಂದ ಆಯಿತೆಂದುಕೊಂಡಿದ್ದ ಹಿಂದಿನ ಎರಡರ ನಷ್ಟವನ್ನು ಅದರಲ್ಲಿ ಕಳೆದರೆ ಏನೂ ಕಟ್ಟಬೇಕಿಲ್ಲವೆಂದು ನಾನೇ ಲೆಕ್ಕ ಹಾಕಿದೆ. ಅವಳ ಸಂಬಳದ ತೆರಿಗೆ ರಿಟರ್ನ್ಸ್ ಬರೆಯುವ ಹೊಸೂರಿನ ಆಡಿಟರ್ ಬಳಿಗೆ, ಈ ಸಲವೂ ಓದದೆ ಸಹಿ ಹಾಕುತ್ತಾಳೆಂದುಕೊಂಡು, ಅವಳನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಆಡಿಟರ್ ಕಾಗದ ತಿರುಗಿಸಿ ನೋಡಿ, "ಈ ನಷ್ಟ ನಡೆಯಲ್ಲ ಮ್ಯಾಡಮ್" ಅಂದರು. "ಡಿವಿಡೆಂಡಿಗೆ ಮುಂಚಿನ ಮೂರು ತಿಂಗಳ ಒಳಗೆ ತಗೊಂಡು, ಆಮೇಲೆ ಒಂಬತ್ತು ತಿಂಗಳಲ್ಲೇ ಮಾರಿದೀರಿ. ಟ್ಯಾಕ್ಸ್ ಇಲ್ದೆ ಬಂದ ಡಿವಿಡೆಂಡ್ ಎಷ್ಟೋ, ಅಷ್ಟು ನಷ್ಟ ಲೆಕ್ಕಕ್ಕೆ ಬರಲ್ಲ. ಲಾಭಕ್ಕೆ ಟ್ಯಾಕ್ಸ್ ಕಟ್ಟಲೇಬೇಕು."

"ನಷ್ಟ ಯಾವ್ದು ಸಾರ್? ನಂದು ಬ್ಯಾಂಕಿನಾಗಲ್ವಾ ಇರಾದು?"

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅವಳು ಕೂಗಾಡಲಿಲ್ಲ. ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಆಮೇಲೆ ಕೇಳಿದಳು: "ಮರದಾಗೆ ಕಾಯಿ ತೂಗಾಡ್ತಿರುವಾಗ ತೋಟ ತಗೊಂಡ್ರೆ ಕಾಯಿಗೂ ಸೇರ್ಸೇ ಬೆಲೆ ಹೇಳ್ತಾರೆ. ಕಾಯಿ ಕಿತ್ಮೇಲೆ ಮಾರಿದ್ರೆ ಬರೀ ಮರದ ಬೆಲೆ. ಇವ್ರು ಮೂರ್ ಸಲ ಹಂಗ್ ಮಾಡವ್ರೆ. ನನ್ ದುಡ್ಡನ್ನೇ ನಂಗೆ ಬಡ್ಡಿ ಅಂತ ಕೊಟ್ಟವ್ರೆ. ಅಷ್ಟೇ ಅಲ್ವಾ ಸಾರ್?"

"ಅಷ್ಟೇ ಮ್ಯಾಡಮ್. ಇದನ್ನ ಜನಕ್ಕೆ ಹೇಳೀ ಹೇಳೀ ನನ್ ಗಂಟಲು ಹೋಯ್ತು. ನೀವೇ ಬಂದು ಇಲ್ಲಿ ಕೂತ್ಕೊಳ್ಳಿ."

ಅಷ್ಟು ನಾಚಿಕೆಯ ನಡುವೆಯೂ ನನಗೆ ಹೆಮ್ಮೆಯಾಯಿತು ಎಂದರೆ ನಂಬುತ್ತೀರಾ? ಎರಡು ವರ್ಷ ನನಗೆ ಹೊಳೆಯದ್ದು ಅವಳಿಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು.

ಹೊರಗೆ ಬಂದು ಸ್ಕೂಟರ್ ಚಾಲೂ ಮಾಡಿದೆ. ಅವಳು ಹತ್ತಲಿಲ್ಲ. "ನನ್ ಮರ ಕಡ್ದು ಅದ್ರ ಮ್ಯಾಲೆ ನನ್ನೇ ಕೂರಿಸ್ಕೊಂಡು ಮೆರ್ಸಿದ್ರಲ್ಲಾ" ಅಂದು ಮನೆ ಕಡೆ ಹೋಗುವ ಬಾಗಲೂರಿನ ಬಸ್ಸು ಹತ್ತಿದಳು. ಮನೆ ತಲುಪುವವರೆಗೂ ಬಸ್ಸಿನ ಹಿಂದೆಯೇ ಅದರ ಹೊಗೆ ಕುಡಿಯುತ್ತ ಬಂದೆ. ಆ ವಾರವೇ ಸ್ಕೂಟರ್ ಮಾರಿ ಹಣ ಅವಳ ಮುಂದಿಟ್ಟೆ. "ಫ್ರಿಜ್ ಇರ್ಲಿ" ಅಂದಳು. ಅದು ಅವಳು ನನ್ನ ಜೊತೆ ಮತ್ತೆ ಆಡಿದ ಮೊದಲ ಮಾತು.

ತೆರಿಗೆ ಕಟ್ಟಿ ಉಳಿದದ್ದನ್ನು ಅವಳೇ ಒಂದು ಫಂಡ್ ಆರಿಸಿ ಹಾಕಿದಳು. ಡಿವಿಡೆಂಡ್ ಬೇಡ, ಬೆಳೆದದ್ದು ಒಳಗೇ ಇರಲಿ ಎಂದು ಬರೆದುಕೊಟ್ಟಳು. ಏಜೆಂಟ್ ಗೆಳೆಯ ಮನೆಗೆ ಬಂದು, "ಅತ್ಗೆ, ಹೊಸಾದೊಂದು ಬಂದೈತೆ" ಅಂದಾಗ, "ಟೀ ಕುಡ್ದು ಹೋಗಪ್ಪಾ" ಅಂದಳು, ಅಷ್ಟೇ. ಷೇರು ಪೇಟೆ ಬಿದ್ದ ತಿಂಗಳುಗಳಲ್ಲಿ ನಾನು ಚಡಪಡಿಸಿದರೂ ಅವಳು ಮುಟ್ಟಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳ ತವರಿನ ಹತ್ತಿರವೇ ಅರ್ಧ ಎಕರೆ ಮಾರಾಟಕ್ಕೆ ಬಂತು. ಮರಗಳಲ್ಲಿ ಕಾಯಿ ಜೋತುಬಿದ್ದಿದ್ದ ಕಾಲ. ಅವಳು ಮಾಲೀಕನಿಗೆ, "ಈ ಫಸ್ಲು ನೀವೇ ಕಿತ್ಕೊಳ್ಳಿ ಗೌಡ್ರೇ. ಮರ ಬರಿದಾದ್ಮೇಲೆ ಮಾತಾಡಾಣ" ಅಂದಳು. ಹಾಗೇ ಆಯಿತು. ಯೂನಿಟ್ಟುಗಳಿಗೆ ವರ್ಷ ದಾಟಿದ್ದರಿಂದ ಅವನ್ನು ಮಾರಿದ ಲಾಭಕ್ಕೆ ಆಗಿನ ಕಾನೂನಿನಲ್ಲಿ ತೆರಿಗೆಯೂ ಬೀಳಲಿಲ್ಲ. ಒಂದೆಕರೆ ಆಗಬೇಕಿದ್ದದ್ದು ಅರ್ಧಕ್ಕಿಳಿದದ್ದು ನನ್ನಿಂದ. ಆ ಅರ್ಧವಾದರೂ ಉಳಿದದ್ದು ಅವಳಿಂದ.

ನೋಂದಣಿ ಕಚೇರಿಯಲ್ಲಿ ನನ್ನನ್ನು ಸಾಕ್ಷಿಯಾಗಿ ನಿಲ್ಲಿಸಿದಳು. ನಮ್ಮದು ತಮಿಳುನಾಡಿನ ಗಡಿಯಾದ್ದರಿಂದ ಪತ್ರ ತಮಿಳಿನಲ್ಲಿತ್ತು. ಬೆಂಚಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ, ಚಕ್ಕುಬಂದಿ ಸಮೇತ ಓದಿದೆ. ಗುಮಾಸ್ತ ಬೇಗ ಬೇಗ ಎನ್ನುತ್ತಿದ್ದ.

"ಪೂರ್ತಿ ಓದಿದ್ರಾ?" ಅಂದಳು.

"ಪೂರ್ತಿ."

"ಹಂಗಾದ್ರೆ ಹಾಕಿ" ಎಂದು ತನ್ನ ಪೆನ್ನು ಕೊಟ್ಟಳು. ಅವಳ ಹೆಸರಿನ ಕೆಳಗೆ ನನ್ನ ಸಹಿ ಹಾಕಿದೆ.