ಬಲ್ಬು ಹಾಕಲು ಹೋದ ಕೈ

ತಪ್ಪು ನನ್ನದೇ. ಊರವರ ದನಿಯನ್ನೆಲ್ಲ ಅಣಕಿಸುವ ನಾನು, ಮೆಕ್ಯಾನಿಕ್ಕನನ್ನೂ ಅಣಕಿಸಬಲ್ಲೆನೆಂದು ದೇವಲಾಪುರದ ನಮ್ಮ ಮನೆಯಂಗಳದಲ್ಲಿ ಕಾರಿನ ಬಾನೆಟ್ ಎತ್ತಿದೆ. ಹೆಡ್‌ಲೈಟಿನ ಸುಟ್ಟ ಬಲ್ಬು ಇದ್ದದ್ದು ಬ್ಯಾಟರಿ ಪಕ್ಕದ ಸಂದಿಯಲ್ಲಿ. ಕಣ್ಣಿಗೆ ಕಾಣದು, ತಡಕಿಯೇ ಹುಡುಕಬೇಕು. ಒಳಗೆ ಹೋದ ಕೈ ಮಣಿಕಟ್ಟಿನ ಹತ್ತಿರ ಸಿಕ್ಕಿಕೊಂಡಿತು. ಎಳೆದಷ್ಟೂ ಊದಿತು.

ಮನೆಯಲ್ಲಿದ್ದವಳು ಅಜ್ಜಿಯೊಬ್ಬಳೇ. ದಿನಾ ಸುಳ್ಳೇ ಕೂಗಿ ಅವಳನ್ನು ಗೋಳು ಹೊಯ್ದುಕೊಳ್ಳುವ ನಾನು ಕರೆದರೆ ಬರುವವಳಲ್ಲ. ಅದಕ್ಕೇ ಹೋದ ವರ್ಷ ತೀರಿಕೊಂಡ ತಾತನ ದನಿ ತೆಗೆದೆ: "ಲೇ ಇವ್ಳೇ, ಇಲ್ ಬಾ!"

ಯಾರೂ ಬರಲಿಲ್ಲ. ಸಂಜೆಯ ಅಂಗಳ ತಟ್ಟನೆ ತಣ್ಣಗಾದಂತಾಯಿತು. ಹಾಗೆ ಕರೆದದ್ದಕ್ಕೆ ನನಗೇ ನಾಚಿಕೆಯಾಗಿ ಮತ್ತೆ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ತಾತನ ಎದುರಿಗೆ ಹೊದೆಯುತ್ತಿದ್ದ ಹಾಗೆ ತಲೆಗೆ ಸೆರಗು, ಕೈಯಲ್ಲಿ ಎಣ್ಣೆ ಬಟ್ಟಲು. ನನ್ನ ಮಣಿಕಟ್ಟಿಗೆ ಎಣ್ಣೆ ಸುರಿದಳು. ಕೈ ಜಾರಿ ಹೊರಬಂತು.

ಈಗಲೂ ಎಲ್ಲರನ್ನೂ ಅಣಕಿಸುತ್ತೇನೆ, ತಾತನನ್ನು ಬಿಟ್ಟು. ಯಾಕೆಂದರೆ, ನಾನು ಹೇಳದೆ ಕೈ ಸಿಕ್ಕಿದ್ದು ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅಜ್ಜಿ ಅಂದಳು: "ನೀನು ಕೂಗಿದ್ದು ಕೇಳ್ತು ಕಣ್ಲಾ, ನಿನ್ ಆಟ ಅಂತ ಸುಮ್ಕಿದ್ದೆ. ಆಮೇಲೆ ಅವ್ರೇ ಬಂದು, ಉಡ್ಗನ್ ಕೈ ಸಿಕ್ಕಾಕಂಡದೆ, ಎಣ್ಣೆ ತಕಂಡೋಗು ಅಂದ್ರು."